ಎರಡು ಹಳದಿ ಗುರುತು

ಜಿಗಣಿ
೩ ಅಕ್ಟೋಬರ್ ೨೦೦೭

ಮಾತು ಬಿಟ್ಟ ಅಣ್ಣ ನೀಲಪ್ಪನಿಗೆ, ಮಾತು ಬಿಡಲಾರದ ತಮ್ಮ ಯಮನೂರನ ನಮಸ್ಕಾರ.

ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಅವ್ವನ ಮಣ್ಣಿಗೆ ನಾನು ಬರಲಿಲ್ಲ ಅಂತ, ಮೂರನೆಯ ದಿನ ಹಾಲು-ತುಪ್ಪ ಬಿಡುವ ಹೊತ್ತಿಗೆ, ಊರವರೆಲ್ಲರ ಎದುರು ನೀನು ಆಣೆ ಮಾಡಿದೆ. ಇನ್ನು ಇವನ ಜೊತೆ ಮಾತಾಡಿದರೆ ಅವ್ವನ ಮೇಲಾಣೆ ಅಂದೆ. ಆ ಆಣೆಯನ್ನು ನಾನು ಒಂದು ತಿಂಗಳಿಂದ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅದು ಇರುವುದು ಬಾಯಿಗೆ, ಕೈಗಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನೀನೂ ನಾಲ್ಕು ಸಾಲು ಗೀಚಿದರೆ ಆಣೆಗೆ ಧಕ್ಕೆಯಿಲ್ಲ.

ಇನ್ನು ಕೆಲಸದ ವಿಷಯ. ನಾನು ಓಡಿಸುವ ಕಣ್ಣಿನ ಟ್ರಸ್ಟಿನ ಪಿಕಪ್ ನಿನಗೆ ಗೊತ್ತು. ಹೊರದೇಶದ ದಾನಿಗಳು ಕಳಿಸಿದ ಗಾಡಿ, ಕ್ಲಚ್ ಇಲ್ಲ, ಆಟೋಮ್ಯಾಟಿಕ್ ಗೇರ್. ಅದರ ಹಿಂದೆ ಆಪರೇಷನ್ ಟ್ರೇಲರ್ ಕಟ್ಟಿಕೊಂಡು ಘಾಟಿ ಹತ್ತಿದರೆ ಗೇರ್‌ಬಾಕ್ಸಿನ ಆಯಿಲ್ ಕುದಿಯುತ್ತದೆ. ಶ್ರಾವಣದಲ್ಲಿ ಬಿಳಿಗಿರಿರಂಗನ ಬೆಟ್ಟದ ಮೇಲೆ ಸುಟ್ಟೇ ಹೋಗಿ ಗಾಡಿ ಕಾಡಿನ ನಡುವೆ ನಿಂತಿತು. ಗೇರ್‌ಬಾಕ್ಸ್ ಬಿಚ್ಚಿ ಸರಿ ಮಾಡಿಸಿದ್ದಾರೆ. ಆದರೆ ಈ ಸಲ ರೇಡಿಯೇಟರಿನ ಮುಂದೆ ಇನ್ನೊಂದು ಆಯಿಲ್ ಕೂಲರ್ ಕೂರಿಸದೆ ನಾನು ಘಾಟಿ ಹತ್ತುವುದಿಲ್ಲ ಅಂದಿದ್ದೇನೆ. ಕೂಲರ್ ಬಂದಿದೆ. ಹೋಸ್ ಹಾಕಿ ಕೂರಿಸುವ ಕೆಲಸ ಬಾಕಿ.

ಪೀಣ್ಯದಲ್ಲಿ ಇದನ್ನು ಮಾಡುವವರು ಹತ್ತು ಜನ ಸಿಗುತ್ತಾರೆ. ಇಳಿಜಾರಿನಲ್ಲಿ ಬೆನ್ನ ಹಿಂದೆ ಎರಡು ಟನ್ ನೂಕುತ್ತಿರುವಾಗ ನನಗೆ ನಂಬಿಕೆ ಇರುವುದು ಒಬ್ಬನ ಕೈಯ ಮೇಲೆ. ಆ ಒಬ್ಬ ನನ್ನ ಜೊತೆ ಮಾತಾಡುವುದಿಲ್ಲ, ಅದು ನನ್ನ ಹಣೆಬರಹ. ೨೩ಕ್ಕೆ ಹೊರಟು ಮಾದೇಶ್ವರ ಬೆಟ್ಟಕ್ಕೆ ಹೋಗಬೇಕು. ಮಾಡುತ್ತೀಯಾ ಇಲ್ಲವಾ, ತಿಳಿಸು.

ಅತ್ತಿಗೆಗೆ ಕೇಳಿದೆನೆಂದು ಹೇಳು.

ಯಮನೂರ

~

ಲಗ್ಗೆರೆ
೮ ಅಕ್ಟೋಬರ್ ೨೦೦೭

ಯಮನೂರ,

ಆಣೆಯಲ್ಲಿ ಕಿಂಡಿ ಹುಡುಕುವ ಬುದ್ಧಿ ನಿನಗೆ ಚಿಕ್ಕಂದಿನಿಂದಲೂ ಇದೆ. ಇರಲಿ. ಗಿರಾಕಿ ಗಿರಾಕಿಯೇ. ಕೆಲಸ ಮಾಡುತ್ತೇನೆ.

೧೭ಕ್ಕೆ ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿ, ಕೀಲಿಯನ್ನು ನಿಮ್ಮ ಅತ್ತಿಗೆ ದುರ್ಗವ್ವನ ಕೈಗೆ ಕೊಟ್ಟು ಹೋಗು. ನಾನು ಇರುವಾಗ ಬರಬೇಡ. ಟ್ರೇಲರ್ ತರಬೇಡ, ನಮ್ಮ ಗಲ್ಲಿಯಲ್ಲಿ ತಿರುಗುವುದಿಲ್ಲ.

ಕೂಲರನ್ನು ಎಲ್ಲಿ ಸೇರಿಸಬೇಕು ಅಂತ ನಿಮ್ಮ ಆಫೀಸಿನವರು ಚಿತ್ರ ಕಳಿಸುವುದು ಬೇಡ. ಆಯಿಲ್ ಮೊದಲು ರೇಡಿಯೇಟರ್ ಹೊಕ್ಕು ಹೊರಬರಬೇಕು, ಆಮೇಲೆ ಈ ಹೊಸ ಕೂಲರ್, ಅಲ್ಲಿಂದ ಗೇರ್‌ಬಾಕ್ಸ್. ತಿರುವುಮುರುವು ಕಟ್ಟಿದರೆ ಆರಿಸಿದ ಹಾಲನ್ನು ಮತ್ತೆ ಒಲೆಯ ಮೇಲಿಟ್ಟ ಹಾಗೆ. ಅಷ್ಟು ನನಗೆ ಗೊತ್ತು.

ಇನ್ನೊಂದು ಮಾತು. ಆಯಿಲ್ ಸುಡುವ ತನಕ ಗಾಡಿ ಓಡಿಸುವವನನ್ನು ನಾನು ಡ್ರೈವರ್ ಅನ್ನುವುದಿಲ್ಲ. ವಾಸನೆ ಮೂಗಿಗೆ ಬರಲಿಲ್ಲವೇ? ನಿನ್ನ ಪ್ರತಿ ತಪ್ಪಿಗೂ ಬಾನೆಟ್ಟಿನ ಅಡಿಯಲ್ಲಿ ಒಂದು ಕಾರಣ ಸಿಗುತ್ತದೆ. ಊರಿಗೆ ಬರದಿದ್ದಕ್ಕೂ ಅಲ್ಲೇ ಏನೋ ಹುಡುಕಿರುತ್ತೀ. ನನಗೆ ಅದು ಬೇಕಾಗಿಲ್ಲ.

ನೀಲಪ್ಪ

~

ಲಗ್ಗೆರೆ
೨೦ ಅಕ್ಟೋಬರ್ ೨೦೦೭, ಆಯುಧಪೂಜೆ

ಯಮನೂರ,

ಇದನ್ನು ಸ್ಟೇರಿಂಗಿಗೆ ಸಿಕ್ಕಿಸಿ ಹೋಗುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಗಾಡಿ ತೆಗೆ.

ಕೂಲರ್ ಕೂತಿದೆ. ಎರಡು ಹೋಸು, ನಾಲ್ಕು ಜೋಡಣೆ, ನಾಲ್ಕಕ್ಕೂ ಸ್ಕ್ರೂ ಕ್ಲಿಪ್ಪು ಹಾಕಿದ್ದೇನೆ. ಕಾದ ಆಯಿಲ್ ಹರಿದ ಮೇಲೆ ರಬ್ಬರು ಮೆತ್ತಗಾಗಿ ಒಳಕ್ಕೆ ಕೂರುತ್ತದೆ, ಕ್ಲಿಪ್ಪು ಸಡಿಲವಾಗುತ್ತದೆ. ಅದಕ್ಕೇ ಗಾಡಿಯನ್ನು ಒಮ್ಮೆ ಚೆನ್ನಾಗಿ ಬಿಸಿ ಮಾಡಿ ಎರಡನೆಯ ಸಲ ಬಿಗಿಯಬೇಕು. ಎರಡನೆಯ ಬಿಗಿತ ಆದ ಕ್ಲಿಪ್ಪಿಗೆ ಹಳದಿ ಪೇಂಟಿನ ಚುಕ್ಕೆ ಇಡುತ್ತೇನೆ. ನೀನು ನನ್ನ ಶೆಡ್ಡಿನಲ್ಲಿ ಆರು ವರ್ಷ ಇದ್ದವನು, ಹೇಳಬೇಕಾಗಿಲ್ಲ.

ಮೊದಲ ಹೋಸಿನ ಎರಡು ಕ್ಲಿಪ್ಪಿಗೆ, ಇನ್ನೊಂದು ಕಡೆ ಹಳೆ ಹೋಸು ಸಿಕ್ಕಿಸಿ ಬಿಸಿ ಮಾಡಿ, ಶುಕ್ರವಾರವೇ ಎಲ್ಲ ಮುಗಿಸಿ ಚುಕ್ಕೆ ಇಟ್ಟಿದ್ದೇನೆ. ಎರಡನೆಯ ಹೋಸು ಇವತ್ತು ಬೆಳಿಗ್ಗೆ ಬಂತು. ಹಾಕಿ ಒಂದು ಸಲ ಬಿಗಿಯುವಷ್ಟರಲ್ಲಿ ಹತ್ತು ಗಂಟೆ. ನಿಮ್ಮ ಅತ್ತಿಗೆ ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲ ತೊಳೆದು ದೇವರ ಮುಂದೆ ಇಟ್ಟುಬಿಟ್ಟಳು. ಒಂದೇ ಒಂದು ಸ್ಕ್ರೂಡ್ರೈವರ್ ಕೇಳಿದ್ದಕ್ಕೆ, “ಪೂಜಿಗೆ ಇಟ್ಟದ್ದು ನಾಳೀ ತನಕ ಮುಟ್ಟಂಗಿಲ್ಲ, ಮುಟ್ಟಿದ್ರ ನಾ ಈ ಮನ್ಯಾಗ ಇರಂಗಿಲ್ಲ” ಅಂದಳು. ನಾನೂ ಮುಟ್ಟಲಿಲ್ಲ. ನನಗೂ ಅದು ಹೊಟ್ಟೆಗೆ ಹಾಕುವ ದೇವರು.

ನೀನು ಇವತ್ತೇ ಗಾಡಿ ಒಯ್ಯುವವನು, ಆದ್ದರಿಂದ ಉಳಿದ ಎರಡನ್ನು ನೀನೇ ಬಿಗಿಯಬೇಕು. ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಆಯಿಲ್ ಚೆನ್ನಾಗಿ ಕಾದಿರುತ್ತದೆ. ಅಲ್ಲಿ ಬಾನೆಟ್ ತೆಗೆದು ಹಳದಿ ಇಲ್ಲದ ಕ್ಲಿಪ್ಪುಗಳನ್ನು ಬಿಗಿ. ಹಳದಿ ಇದ್ದದ್ದಕ್ಕೆ ಕೈ ಹಚ್ಚಬೇಡ, ಜಾಸ್ತಿ ಬಿಗಿದರೆ ರಬ್ಬರು ಕತ್ತರಿಸುತ್ತದೆ. ಬಿಗಿಯದೆ ಘಾಟಿ ಇಳಿಯಬೇಡ. ಹೋಸು ಕಿತ್ತರೆ ಒಂದು ನಿಮಿಷದಲ್ಲಿ ಆಯಿಲ್ ಖಾಲಿ. ಆಯಿಲ್ ಇಲ್ಲದ ಆಟೋಮ್ಯಾಟಿಕ್ ಗಾಡಿಗೆ ಗೇರಿನ ಹಿಡಿತವೇ ಇರುವುದಿಲ್ಲ. ಎರಡು ಟನ್ ಟ್ರೇಲರನ್ನು ಬರೀ ಬ್ರೇಕು ಎಷ್ಟು ತಿರುವಿನ ತನಕ ತಡೆಯುತ್ತದೆ ಅಂತ ನೀನೇ ಲೆಕ್ಕ ಹಾಕು.

ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯವರು ಪೂಜೆಗೆ ಕರೆದಿದ್ದಾರೆ, ಹೊರಟೆ. ನಿನ್ನ ಗಾಡಿಗೆ ದುರ್ಗವ್ವ ಪೂಜೆ ಮಾಡಿ ಕಳಿಸುತ್ತಾಳೆ. ಅವಳು ನಾಳೆ ತಂಗಿಯ ಬಾಣಂತನಕ್ಕೆ ಊರಿಗೆ ಹೋಗುತ್ತಾಳೆ.

ನೀಲಪ್ಪ

~

ಕೊಳ್ಳೇಗಾಲ
೨೩ ಅಕ್ಟೋಬರ್ ೨೦೦೭

ಅಣ್ಣಾ,

ಇಲ್ಲಿ ತನಕ ಸುಖವಾಗಿ ಬಂದೆವು. ಆಯಿಲಿನ ಬಿಸಿ ತೋರಿಸುವ ಮುಳ್ಳು ಮಧ್ಯದಿಂದ ಮೇಲಕ್ಕೆ ಏಳಲೇ ಇಲ್ಲ. ಡಾಕ್ಟರ್ ವತ್ಸಲಾ ಮೇಡಂ ಪಕ್ಕದಲ್ಲೇ ಕೂತು ಹತ್ತು ಸಲ ನೋಡಿದರು. ಯಾರು ಮಾಡಿದ್ದು ಅಂತ ಕೇಳಿದರು. ನಮ್ಮಣ್ಣ ಅಂದೆ. ಅಷ್ಟು ಹೇಳುವುದಕ್ಕೆ ನನಗೆ ಆಣೆ ಇಲ್ಲವಲ್ಲ.

ನೀನು ಬರೆದ ಹಾಗೇ ಇಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ತಲೆ ಹಾಕಿದೆ. ನೋಡಿದರೆ ನಾಲ್ಕಕ್ಕೂ ಹಳದಿ! ನಗು ಬಂತು. ನನಗೆ ಚೀಟಿ ಬರೆದಿಟ್ಟ ಮೇಲೆ ಮನಸ್ಸು ತಡೆಯದೆ, ಅತ್ತಿಗೆ ಅಡುಗೆಮನೆಗೆ ಹೋದಾಗ ದೇವರ ಮುಂದಿನ ಸ್ಕ್ರೂಡ್ರೈವರ್ ಎತ್ತಿದ್ದೀಯಲ್ಲ? ನಾನು ಯಾರಿಗೂ ಹೇಳುವುದಿಲ್ಲ. ಹಳದಿ ಇದ್ದದ್ದಕ್ಕೆ ಕೈ ಹಚ್ಚಬೇಡ ಅಂದಿದ್ದೆ, ಹಚ್ಚಲಿಲ್ಲ. ಬಾನೆಟ್ ಮುಚ್ಚಿದೆ.

ಅಣ್ಣಾ, ನಿನಗೆ ಬೇಕಾಗಿಲ್ಲ ಅಂದೆ, ಆದರೂ ಬರೆಯುತ್ತೇನೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಆಯಿಲ್ ಸುಟ್ಟದ್ದು ಶ್ರಾವಣದ ಎರಡನೆಯ ಸೋಮವಾರ. ಅವ್ವ ಹೋದ ದಿನ. ಮೇಲೆ ಕಾಯುತ್ತಿದ್ದವರು ನಲವತ್ತು ಜನ ಕಣ್ಣಿಲ್ಲದ ಮುದುಕರು, ಅದಕ್ಕೇ ಸುಟ್ಟ ವಾಸನೆ ಬಂದರೂ ಇನ್ನೊಂದು ತಿರುವು, ಇನ್ನೊಂದು ತಿರುವು ಅಂತ ಹತ್ತಿಸಿದೆ. ಅಲ್ಲಿ ಸಿಗ್ನಲ್ ಇಲ್ಲ. ಟ್ರೇಲರನ್ನೂ ಮಷೀನುಗಳನ್ನೂ ಕಾಡಿನಲ್ಲಿ ಬಿಟ್ಟು ಇಳಿಯುವ ಹಾಗಿಲ್ಲ. ಮಾರನೆಯ ದಿನ ಸಂಜೆ ಕ್ರೇನು ಎಳೆದು ಚಾಮರಾಜನಗರಕ್ಕೆ ತಂದಾಗ ಮೊಬೈಲು ಒಂದರ ಹಿಂದೆ ಒಂದು ಕೂಗಿತು. ಆಗ ಮಣ್ಣಾಗಿ ನಾಲ್ಕು ತಾಸಾಗಿತ್ತು. ಹಾಲು-ತುಪ್ಪದ ದಿನ ಇದನ್ನೇ ಹೇಳಲು ಬಾಯಿ ತೆರೆದೆ, ನೀನು ಕೈ ಎತ್ತಿ ನಿಲ್ಲಿಸಿದೆ.

ಇಷ್ಟೇ. ನಾಳೆ ಮೇಲೆ ಹೋಗುತ್ತೇವೆ. ನವೆಂಬರ್ ೩, ಶನಿವಾರ ಬೆಳಿಗ್ಗೆ ಏಳಕ್ಕೆ ಇಳಿಯುತ್ತೇವೆ. ನಾವು ಉಳಿಯುವ ಛತ್ರದ ಆಫೀಸಿನ ಫೋನ್ ನಂಬರ್ ಹಿಂದೆ ಬರೆದಿದ್ದೇನೆ, ನನ್ನ ಮೊಬೈಲು ಅಲ್ಲಿ ಕೆಲಸ ಮಾಡುವುದಿಲ್ಲ. ನಂಬರ್ ಅತ್ತಿಗೆ ಊರಿಂದ ಬಂದ ಮೇಲೆ ಅವರಿಗೆ, ನಿನಗಲ್ಲ.

ಯಮನೂರ

~

ಲಗ್ಗೆರೆ
೨ ನವೆಂಬರ್ ೨೦೦೭, ಸಂಜೆ

ಯಮನೂರ,

ಗಾಡಿ ತೆಗೆಯಬೇಡ. ಬೇರೆ ಏನನ್ನೂ ಓದುವ ಮೊದಲು ಹೋಗಿ ಕೀಲಿ ಕೈಗೆ ತಗೋ.

ನಿನ್ನ ಕಾಗದ ಈಗ ಓದಿದೆ. ನಾನು ಸ್ಕ್ರೂಡ್ರೈವರ್ ಎತ್ತಲಿಲ್ಲ. ನಾನು ಇಟ್ಟದ್ದು ಎರಡೇ ಚುಕ್ಕೆ. ಇನ್ನೆರಡು ಹಳದಿ ದುರ್ಗವ್ವ ಇಟ್ಟ ಅರಿಶಿನ. ಅವಳು ಪೂಜೆಯ ತಟ್ಟೆ ಹಿಡಿದು ಬಾನೆಟ್ಟಿನೊಳಗೆ ಹೊಸದಾಗಿ ಹೊಳೆಯುವ ಕಬ್ಬಿಣಕ್ಕೆಲ್ಲ ಬೊಟ್ಟಿಟ್ಟಿರಬೇಕು. ಎರಡನೆಯ ಹೋಸಿನ ಕ್ಲಿಪ್ಪುಗಳು ಒಂದೇ ಸಲ ಬಿಗಿದವು. ಅದರಲ್ಲೇ ನೀನು ಬೆಟ್ಟ ಹತ್ತಿದ್ದೀ. ಹತ್ತುವಾಗ ತಡೆದದ್ದು ಇಳಿಯುವಾಗ ತಡೆಯುತ್ತದೆ ಅಂತ ನಾನು ಹೇಳಲಾರೆ.

ಯಾವುದು ಪೇಂಟು, ಯಾವುದು ಅರಿಶಿನ ಅಂತ ನೋಡುತ್ತ ಕೂರಬೇಡ. ನಾಲ್ಕನ್ನೂ ಕೈಯಿಂದ ತಿರುಗಿಸಿ ನೋಡು. ತಿರುಗಿದ್ದನ್ನು ಬಿಗಿ. ಆಯಿಲ್ ಎಷ್ಟಿದೆ ನೋಡು. ಅರ್ಧ ತಾಸು ಇಂಜಿನ್ ಓಡಿಸಿ ಮತ್ತೆ ಬಿಗಿ.

ಛತ್ರದ ನಂಬರಿಗೆ ಯಾರೂ ಎತ್ತುತ್ತಿಲ್ಲ, ಆಫೀಸು ಮುಚ್ಚಿರಬೇಕು. ಈ ಕಾಗದವನ್ನು ಬೆಟ್ಟದ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆಲ್ಲ ಮುಟ್ಟಿಸುತ್ತೇನೆ ಅಂದಿದ್ದಾನೆ.

ನೀಲಪ್ಪ

~

ಕೊಳ್ಳೇಗಾಲ
೪ ನವೆಂಬರ್ ೨೦೦೭

ಅಣ್ಣಾ,

ಐದೂ ಜನ ಜೀವದಿಂದಿದ್ದೇವೆ. ಮೊದಲು ಅದನ್ನು ಓದಿಕೋ.

ನಿನ್ನ ಕಾಗದ ಆರಕ್ಕೆ ಬರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ಹನ್ನೊಂದಕ್ಕೆ ಬಂತಂತೆ. ಛತ್ರದವರು ಇವತ್ತು ಇಲ್ಲಿಗೆ ಕಳಿಸಿಕೊಟ್ಟರು. ನಾವು ಏಳಕ್ಕೆ ಹೊರಟಿದ್ದರೆ ನಾಲ್ಕು ತಾಸು ಮೊದಲೇ ಎಲ್ಲ ಮುಗಿದಿರುತ್ತಿತ್ತು. ನಾನು ೨೩ಕ್ಕೆ ಹಾಕಿದ ಕಾಗದ ನಿನಗೆ ೨ಕ್ಕೆ ಮುಟ್ಟಿದ್ದು ನೋಡಿ ಅಂಚೆಯವರನ್ನು ಬಾಯಿಗೆ ಬಂದಂತೆ ಬೈದೆ.

ಶನಿವಾರ ನಡೆದದ್ದು ಹೀಗೆ. ಟ್ರೇಲರ್ ಕಟ್ಟಿಯಾಗಿತ್ತು. ಡಾಕ್ಟರ್ ಮೇಡಮ್ಮು, ಮೂವರು ನರ್ಸುಗಳು ಗಾಡಿಯಲ್ಲಿ ಕೂತಾಗಿತ್ತು. ಆರೂವರೆಗೆ ಛತ್ರದ ಆಫೀಸಿನವನು, “ಡ್ರೈವರಣ್ಣ, ಬೆಂಗ್ಳೂರಿಂದ ಫೋನು” ಅಂತ ಕೂಗಿದ. ಹೋಗಿ ಎತ್ತಿದೆ. ಹಲೋ ಅಂದೆ. ಆ ಕಡೆ ಯಾರೂ ಮಾತಾಡಲಿಲ್ಲ. ಮತ್ತೆ ಹಲೋ ಅಂದೆ. ಉಸಿರು ಕೇಳುತ್ತಿತ್ತು. ಉಸಿರಿನ ಹಿಂದೆ ದಡ್, ದಡ್ ಅಂತ ಪ್ರೆಸ್ ಮಷೀನು. ಅದು ನಿನ್ನ ಗೋಡೆಯ ಆಚೆ ಇರುವ ಮಷೀನು. ಆರು ವರ್ಷ ಆ ಸದ್ದಿನಲ್ಲಿ ನಿದ್ದೆ ಮಾಡಿದವನು ನಾನು. ಇನ್ನೆರಡು ಸಲ ಹಲೋ ಅಂದೆ, ಅಣ್ಣಾ ಅಂತಲೂ ಅನ್ನಬೇಕೆನಿಸಿತು, ಅನ್ನಲಿಲ್ಲ. ಇಟ್ಟುಬಿಟ್ಟೆ.

ಹೊರಗೆ ಬಂದು ಸ್ಟೇರಿಂಗ್ ಹಿಡಿದೆ. ಕೀಲಿ ತಿರುಗಿಸಲು ಕೈ ಬರಲಿಲ್ಲ. ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಿದ್ದರೆ ನೀನು ಬೇರೆಯವರ ಕೈಲಿ ಹೇಳಿಸುತ್ತಿದ್ದೆ. ನೀನೇ ಫೋನ್ ಹಿಡಿದು, ಹೇಳಲಾರದೆ ನಿಂತಿದ್ದೀಯ ಅಂದರೆ ಅದು ನೀನು ಮಾಡಿದ ಕೆಲಸದ ವಿಷಯ. ನಿನ್ನ ಕೆಲಸ ಅಂದರೆ ಈ ಬಾನೆಟ್ಟಿನೊಳಗೆ ಇರುವುದು. ಎಲ್ಲರೂ ಇಳಿಯಿರಿ ಅಂದೆ.

ಮೊದಲ ಎರಡು ಕಲ್ಲಿನ ಹಾಗಿದ್ದವು. ಮೂರನೆಯದರ ಸುತ್ತ ಆಯಿಲ್ ಬೆವರಿತ್ತು. ನಾಲ್ಕನೆಯದನ್ನು ಹಿಡಿದು ಸ್ವಲ್ಪ ಎಳೆದೆ. ಹೋಸು ಕ್ಲಿಪ್ಪಿನ ಸಮೇತ ನನ್ನ ಕೈಗೆ ಬಂತು. ಬೆರಳು ನೋಡಿದರೆ ಹಳದಿ. ಮೂಸಿದೆ. ಅರಿಶಿನ. ಮೇಲಿನ ಕುಂಕುಮ ಹಾರಿಹೋಗಿತ್ತು, ಅರಿಶಿನ ಮಾತ್ರ ಜಿಡ್ಡಿನಲ್ಲಿ ಅಂಟಿಕೊಂಡಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೇಡಂ ಬಂದು ನೀರು ಕೊಟ್ಟರು. ಬಿಗಿದು, ಆಯಿಲ್ ತುಂಬಿ, ಬಿಸಿ ಮಾಡಿ, ಮತ್ತೆ ಬಿಗಿದು ಒಂಬತ್ತೂವರೆಗೆ ಹೊರಟು ಇಳಿದೆವು. ಇಪ್ಪತ್ತೇಳು ತಿರುವು, ಪ್ರತಿಯೊಂದನ್ನೂ ಎಣಿಸಿದೆ.

ಬದುಕಿದ್ದಕ್ಕೆ ನಿನಗೆ ಕೈ ಮುಗಿಯಬೇಕು. ಕೈ ಮುಗಿಯುತ್ತೇನೆ. ಆದರೆ ನನಗೆ ಸಿಟ್ಟೂ ಬಂದಿದೆ, ಅದನ್ನೂ ಹೇಳಬೇಕು. ನಾಲ್ಕು ಸಲ ಹಲೋ ಅಂದೆ. ಅದರ ನಡುವೆ ‘ಗಾಡಿ ತೆಗೀಬ್ಯಾಡ’ ಅನ್ನುವ ಎರಡು ಮಾತು ನಿನ್ನ ಬಾಯಿಂದ ಹೊರಡಲಿಲ್ಲ. ನಾನು ಆ ಸದ್ದು ಗುರುತಿಸದೆ ಇದ್ದಿದ್ದರೆ? ಯಾರೋ ತಪ್ಪು ನಂಬರು ಅಂತ ಇಟ್ಟು ಗಾಡಿ ತೆಗೆದಿದ್ದರೆ? ನನ್ನದು ಬಿಡು. ಮೇಡಂಗೆ ಆರು ವರ್ಷದ ಮಗಳಿದ್ದಾಳೆ. ಆ ನರ್ಸುಗಳು ಯಾರ ಮೇಲೂ ಆಣೆ ಮಾಡಿದವರಲ್ಲ. ನೀನು ಅವ್ವನ ಮೇಲೆ ಆಣೆ ಮಾಡಿದ್ದು ನಿಜ. ಅದನ್ನು ಉಳಿಸಲು ಅವ್ವನ ಮಗನನ್ನು ಕಂದಕಕ್ಕೆ ಕಳಿಸುತ್ತೀ ಅಂತ ಅವ್ವ ತಿಳಿದಿದ್ದಳೇ?

ನನಗೆ ಈಗ ನಿನ್ನ ಜೊತೆ ಮಾತಾಡುವ ಮನಸ್ಸಿಲ್ಲ. ಇದು ಆಣೆಯಲ್ಲ. ಮನಸ್ಸಿಲ್ಲ, ಅಷ್ಟೇ.

ಯಮನೂರ

~

ಲಗ್ಗೆರೆ
೭ ನವೆಂಬರ್ ೨೦೦೭

ತಮ್ಮಾ,

ಅಂಚೆಯವರನ್ನು ಬೈಯಬೇಡ. ನಿನ್ನ ಕಾಗದ ೨೬ಕ್ಕೇ ಬಂದಿತ್ತು. ನಾನು ಒಡೆಯಲಿಲ್ಲ. ಊರಿಗೆ ಬರದಿದ್ದಕ್ಕೆ ಏನೋ ಕಾರಣ ಬರೆದಿರುತ್ತೀ, ಓದಿದರೆ ನನ್ನ ಸಿಟ್ಟು ಇಳಿದುಬಿಡುತ್ತದೆ ಅನ್ನುವ ಭಯ. ಸಿಟ್ಟು ಇಳಿಯುವುದು ನನಗೆ ಬೇಕಾಗಿರಲಿಲ್ಲ. ಏಳು ದಿನ ಅದು ದೇವರ ಫೋಟೋದ ಹಿಂದೆ ಇತ್ತು. ಶುಕ್ರವಾರ ಸಂಜೆ ದೀಪ ಹಚ್ಚುವಾಗ ಕಣ್ಣಿಗೆ ಬಿತ್ತು, ಒಡೆದೆ. ನಾಲ್ಕಕ್ಕೂ ಹಳದಿ ಅಂತ ನೀನು ನಕ್ಕಿದ್ದು ಓದಿದ ಕೂಡಲೇ ಫೋನಿಗೆ ಓಡಿದೆ.

ಅವ್ವನ ದಿನದ ಸಾಲುಗಳನ್ನು ಆಗ ಓದಲಿಲ್ಲ. ಕಣ್ಣು ಅದರ ಮೇಲೆ ಓಡಿತು, ಅಷ್ಟೇ. ಭಾನುವಾರ ಓದಿದೆ. ನಿನ್ನ ಗೇರ್‌ಬಾಕ್ಸಿನ ತಳದಲ್ಲಿ ಉಳಿದಿದ್ದ ಹಳೆ ಆಯಿಲನ್ನು ನನ್ನ ಕೈಯಾರೆ ಇಳಿಸಿದ್ದೆ. ಕರ್ರಗೆ ಇತ್ತು. ಡ್ರೈವರ್ ಕತ್ತೆ ಅಂತ ಬೈದು ಚೆಲ್ಲಿದೆ. ಅದು ಯಾವ ದಿನ ಸುಟ್ಟಿತು ಅಂತ ಕೇಳಬೇಕು ಅನ್ನಿಸಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಬೇಕು. ನಿನ್ನೆಯಿಂದ ಬರೆಯಲು ಕೂತು ಏಳುತ್ತಿದ್ದೇನೆ. ಶನಿವಾರ ಮೊದಲು ಎತ್ತಿದ ಛತ್ರದವನಿಗೆ ಕಣ್ಣಿನ ಗಾಡಿಯ ಡ್ರೈವರ್ ಹೊರಟನೇ ಅಂತ ಕೇಳಿದೆ, ಮುಂದಿನ ಮಾತು ಹೇಳುವ ಮೊದಲೇ ಅವನು ನಿನ್ನನ್ನು ಕೂಗಲು ಹೋದ. ಆಮೇಲೆ ಕೇಳಿದ್ದು ನಿನ್ನ ಹಲೋ. ಆ ಕ್ಷಣ ನಾನು ತೂಗಿ ನೋಡಿದೆ, ಯಮನೂರ. ಒಂದು ಕಡೆ ಅವ್ವನ ಆಣೆ, ಊರವರು ಏನೆನ್ನುತ್ತಾರೆ ಅನ್ನುವುದು, ಬಸ್ಸಿನಲ್ಲಿ ಕಾಗದ ಮುಟ್ಟಿರಬಹುದು ಅನ್ನುವ ಸಮಾಧಾನ. ಇನ್ನೊಂದು ಕಡೆ ನೀನು. ನೀನು ನಾಲ್ಕನೆಯ ಹಲೋ ಅಂದಾಗಲೂ ನಾನು ತೂಗುತ್ತಲೇ ಇದ್ದೆ. ನೀನು ಇಟ್ಟುಬಿಟ್ಟೆ.

ಆಮೇಲೆ ಹನ್ನೊಂದು ಸಲ ತಿರುಗಿಸಿದೆ. ಯಾರೂ ಎತ್ತಲಿಲ್ಲ. ಎತ್ತಿದ್ದರೆ ಮಾತಾಡುತ್ತಿದ್ದೆ ಅಂತ ಬರೆದು ದೊಡ್ಡವನಾಗಬಹುದು, ನಿನಗೂ ಗೊತ್ತಾಗುವುದಿಲ್ಲ. ಆದರೆ ನನಗೆ ನಿಜವಾಗಿ ಗೊತ್ತಿಲ್ಲ. ಮಧ್ಯಾಹ್ನ ಛತ್ರದವನು ಎತ್ತಿ, ಗಾಡಿ ಹೊರಟು ಹೋಯಿತು ಸಾರ್ ಅಂದ. ನಿನ್ನ ಮೊಬೈಲು ಬಂದಾಗಿತ್ತು. ಸೋಮವಾರ ನಿಮ್ಮ ಆಫೀಸಿಗೆ ಫೋನ್ ಮಾಡುವ ತನಕ ನೀನು ಇದ್ದೀಯೋ ಇಲ್ಲವೋ ತಿಳಿಯದೆ ಎರಡು ದಿನ ಕಳೆದೆ. ಶೆಡ್ಡು ತೆಗೆಯಲಿಲ್ಲ. ಅನ್ನ ಇಳಿಯಲಿಲ್ಲ. ನೀನು ಸತ್ತಿದ್ದರೆ ಆ ಆಣೆ ಪೂರ್ತಿ ಉಳಿದಿರುತ್ತಿತ್ತು, ಅದನ್ನು ಇಟ್ಟುಕೊಂಡು ನಾನು ಏನು ಮಾಡಬೇಕಿತ್ತು?

ದುರ್ಗವ್ವ ಊರಿಂದ ಬಂದಿದ್ದಾಳೆ. ಎಲ್ಲ ಹೇಳಿದೆ. ಅರಿಶಿನ ಇಟ್ಟ ತಪ್ಪು ತನ್ನದು ಅಂತ ಅತ್ತಳು. ಅವಳದ್ದಲ್ಲ ಅಂದೆ. ಗಾಡಿಗೆ ಒಳ್ಳೆಯದಾಗಲಿ ಅಂತ ಇಟ್ಟವಳು ಅವಳು. ಯಾವ ಎರಡು ಕ್ಲಿಪ್ಪು ಬಿಗಿಯಬೇಕು ಅಂತ ಜಾಗ ಗುರುತಿಸಿ ಬರೆಯದೆ ಬರೀ ಬಣ್ಣ ಬರೆದವನು ನಾನು. ಪಕ್ಕದಲ್ಲಿ ನಿಲ್ಲಿಸಿಕೊಂಡು ಬೆರಳು ಮಾಡಿ ತೋರಿಸಿದ್ದರೆ ಅಷ್ಟೂ ಬೇಕಿರಲಿಲ್ಲ. ಆಣೆ ಬಿಡಿಸಲು ಮಠದಲ್ಲಿ ಕೇಳೋಣ, ಕಾಯಿ ಒಡೆಸೋಣ ಅಂದಳು. ಬೇಡ ಅಂದೆ. ಪಾಪ ಏನಿದ್ದರೂ ನನ್ನ ತಲೆಗೆ ಇರಲಿ.

ದೀಪಾವಳಿ ಕಳೆದು ಭಾನುವಾರ ಜಿಗಣಿಗೆ ಬರುತ್ತೇನೆ. ನೀನು ಮಾತಾಡಬೇಕಾಗಿಲ್ಲ. ಬಾಗಿಲು ತೆಗೆಯದಿದ್ದರೂ ಸರಿ. ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು, ಜನ ಕೇಳುವ ಹಾಗೆ, ನಿನ್ನ ಹೆಸರು ಹಿಡಿದು ಕರೆಯುತ್ತೇನೆ. ನೀನು ಓಗೊಡುವ ತನಕ ಕರೆಯುತ್ತೇನೆ.

ನಿಮ್ಮಣ್ಣ
ನೀಲಪ್ಪ